ಚಿತ್ರದ ಟೇಪಿನ ಮೇಲೆ ಧ್ವನಿ: ಡಿಜಿಟಲ್ ಟೇಪ್ ರೆಕಾರ್ಡರಿನ ಕಥೆ

44,100. ಇಂದಿನ ಮಾತನ್ನು ಈ ಸಂಖ್ಯೆಯಿಂದ ಆರಂಭಿಸುತ್ತೇನೆ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು ಇಷ್ಟು ಬಾರಿ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿರುತ್ತಾರೆ. ಮನುಷ್ಯನ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ, ಅಂದರೆ ಸೆಕೆಂಡಿಗೆ 20,000 ಕಂಪನಗಳವರೆಗಿನ, ಸದ್ದು ಕೇಳಿಸುತ್ತದೆ. ಅದರ ಎರಡು ಪಟ್ಟಿಗಿಂತ ತುಸು ಹೆಚ್ಚು ಬಾರಿ ಅಳೆದರೆ ಧ್ವನಿಯನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು ಎನ್ನುತ್ತದೆ ಗಣಿತ. ಆದ್ದರಿಂದ 40,000 ದಾಟಬೇಕು ಎನ್ನುವುದು ಅರ್ಥವಾಗುತ್ತದೆ. ಆದರೆ ಲೆಕ್ಕಕ್ಕೆ ಸುಲಭವಾದ 42,000 ಅಥವಾ 45,000 ಬಿಟ್ಟು ಈ ವಿಚಿತ್ರ ಸಂಖ್ಯೆ ಏಕೆ? ಉತ್ತರ ಸಂಗೀತದಲ್ಲೂ ಇಲ್ಲ, ಕಿವಿಯಲ್ಲೂ ಇಲ್ಲ. ಟಿ.ವಿ.ಯಲ್ಲಿದೆ.

ಅಮೆರಿಕ ಮತ್ತು ಜಪಾನಿನ ಹಳೆಯ ಟಿ.ವಿ. ಪದ್ಧತಿಯಲ್ಲಿ ಸೆಕೆಂಡಿಗೆ 60 ಬಾರಿ ಪರದೆಯ ಮೇಲೆ ಗೆರೆಗಳನ್ನು ಎಳೆಯುತ್ತಿದ್ದರು. ಹಾಗೆ ಒಂದು ಬಾರಿ ಎಳೆದ ಗೆರೆಗಳ ಗುಂಪಿಗೆ ಫೀಲ್ಡ್ ಎಂದು ಹೆಸರು. ಒಂದು ಫೀಲ್ಡಿನಲ್ಲಿ ಧ್ವನಿಯ ಸಂಖ್ಯೆಗಳನ್ನು ತುಂಬಲು ಆರಿಸಿಕೊಂಡ ಗೆರೆಗಳು 245. ಪ್ರತಿ ಗೆರೆಯಲ್ಲಿ ಎಡ ಸ್ಪೀಕರಿಗೂ ಬಲ ಸ್ಪೀಕರಿಗೂ ಮೂರು ಮೂರು ಅಳತೆಗಳು. 60ನ್ನು 245ರಿಂದ, ಅದನ್ನು 3ರಿಂದ ಗುಣಿಸಿ: 44,100. ಯುರೋಪಿನ ಪದ್ಧತಿಯಲ್ಲಿ ಸೆಕೆಂಡಿಗೆ 50 ಫೀಲ್ಡ್, ಬಳಸುವ ಗೆರೆಗಳು 294, ಗೆರೆಗೆ ಮತ್ತೆ ಮೂರು. ಗುಣಿಸಿದರೆ ಅದೇ 44,100. ಎರಡೂ ಪದ್ಧತಿಗಳ ವಿಡಿಯೊ ರೆಕಾರ್ಡರುಗಳಿಗೆ ಹೊಂದುವ ಸಂಖ್ಯೆ ಎಂಬ ಒಂದೇ ಕಾರಣಕ್ಕೆ ಅದು ಗೆದ್ದಿತು. ಇಂದು ಟೇಪೂ ಇಲ್ಲ, ಆ ಟಿ.ವಿ. ಪದ್ಧತಿಯೂ ಬಹುತೇಕ ಇಲ್ಲ, ಸಂಖ್ಯೆ ಮಾತ್ರ ಕೋಟ್ಯಂತರ ಹಾಡುಗಳ ಕಡತಗಳಲ್ಲಿ ಕುಳಿತಿದೆ.

ಡಿಜಿಟಲ್ ಧ್ವನಿಗೂ ಟೇಪಿಗೂ ಇದ್ದ ನಂಟು ಇಂಥದ್ದು. ಚಿತ್ರಕ್ಕೆಂದು ಮಾಡಿದ ಯಂತ್ರವನ್ನು ಧ್ವನಿಯವರು ಎರವಲು ಪಡೆದರು. ಬೇರೆಲ್ಲೂ ಅಷ್ಟು ಜಾಗ ಸಿಗದ ಕಾಲದಲ್ಲಿ ಟೇಪು ಜಾಗ ಕೊಟ್ಟಿತು. ಬೇರೆಡೆ ಜಾಗ ಅಗ್ಗವಾದ ಕೂಡಲೇ ಧ್ವನಿ ಎದ್ದು ಹೊರಟಿತು. ನಡುವಿನ ಮೂರು ದಶಕಗಳಲ್ಲಿ ನಡೆದ ಜಾಣತನ, ಜಗಳ, ಎಡವಟ್ಟುಗಳ ಬಗ್ಗೆ ಇಂದು ಮಾತಾಡುತ್ತೇನೆ.

ಧ್ವನಿಯನ್ನು ಸಂಖ್ಯೆಯಾಗಿಸುವ ಯೋಚನೆ ಟೇಪ್ ರೆಕಾರ್ಡರು ಮನೆಮಾತಾಗುವುದಕ್ಕಿಂತ ಹಳೆಯದು. ಅಲೆಕ್ ರೀವ್ಸ್ ಎಂಬ ಬ್ರಿಟಿಷ್ ಎಂಜಿನಿಯರ್ ಪ್ಯಾರಿಸಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಾಗ, 1937ರಲ್ಲಿ, ಪಲ್ಸ್ ಕೋಡ್ ಮಾಡ್ಯುಲೇಷನ್ ಎಂಬ ವಿಧಾನವನ್ನು ಕಲ್ಪಿಸಿದರು. ಪಿ.ಸಿ.ಎಂ. ಎಂಬ ಮೂರಕ್ಷರ ಅಲ್ಲಿಂದ ಬಂದದ್ದು. ಅವರ ತಲೆಯಲ್ಲಿದ್ದದ್ದು ದೂರವಾಣಿ: ತಂತಿ ಉದ್ದವಾದಷ್ಟೂ ಗದ್ದಲ ಸೇರಿಕೊಳ್ಳುತ್ತದೆ, ಆದರೆ ಸಾಗಿಸುವುದು ‘ಇದೆ’ ಅಥವಾ ‘ಇಲ್ಲ’ ಎಂಬ ಎರಡೇ ಸಂಕೇತವಾದರೆ ಗದ್ದಲದ ನಡುವೆಯೂ ಅದನ್ನು ಗುರುತಿಸಿ ಹೊಸದಾಗಿ ಬರೆದು ಮುಂದೆ ಕಳುಹಿಸಬಹುದು. ಯೋಚನೆ ಸರಿಯಿತ್ತು, ಉಪಕರಣ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಇದೇ ತತ್ತ್ವದ ಮೇಲೆ ಸಿಗ್‌ಸಾಲಿ ಎಂಬ ಗುಪ್ತ ದೂರವಾಣಿ ವ್ಯವಸ್ಥೆ ಕಟ್ಟಿತು. 1943ರಲ್ಲಿ ಅದು ಕೆಲಸ ಶುರುಮಾಡಿತು. ಅದರ ಒಂದೊಂದು ಕೇಂದ್ರದ ತೂಕ 50 ಟನ್ನಿಗೂ ಹೆಚ್ಚು. ಟ್ರಾನ್ಸಿಸ್ಟರ್ ಬರುವವರೆಗೆ ರೀವ್ಸರ ಕಲ್ಪನೆ ಸಾಮಾನ್ಯ ಬಳಕೆಗೆ ಇಳಿಯಲಾರದಿದ್ದುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇನ್ನೊಂದು ಕಡೆ ಟೇಪು ತನ್ನ ದಾರಿಯಲ್ಲಿ ಬೆಳೆಯುತ್ತಿತ್ತು. ಜರ್ಮನಿಯ ಎ.ಇ.ಜಿ. ಕಂಪನಿ 1935ರಲ್ಲಿ ಮ್ಯಾಗ್ನೆಟೊಫೋನನ್ನು ಬರ್ಲಿನ್ನಿನಲ್ಲಿ ಪ್ರದರ್ಶಿಸಿತು. ಯುದ್ಧದ ನಂತರ ಅಮೆರಿಕದ ಆಂಪೆಕ್ಸ್ ಅದನ್ನು ಬೆಳೆಸಿತು. ಧ್ವನಿಯ ಅಲೆಯನ್ನೇ ನೇರವಾಗಿ ಟೇಪಿನ ಮೇಲೆ ಬರೆಯುವ ಈ ಅನಲಾಗ್ ಯಂತ್ರಗಳು ಅದ್ಭುತವಾಗಿದ್ದವು, ಅದರಲ್ಲಿ ಅನುಮಾನವಿಲ್ಲ. ಆದರೆ ಅವುಗಳಿಗೆ ಹುಟ್ಟಿನಿಂದ ಬಂದ ಮೂರು ಕಾಯಿಲೆಗಳಿದ್ದವು. ಒಂದು, ಟೇಪಿನ ಕಾಂತೀಯ ಕಣಗಳಿಂದ ಬರುವ ‘ಹಿಸ್’ ಸದ್ದು. ಎರಡು, ಮೋಟರಿನ ವೇಗ ಕೊಂಚ ಏರುಪೇರಾದರೂ ಶ್ರುತಿ ಅಲುಗಾಡುವುದು. ಮೂರನೆಯದು ಪ್ರತಿಯ ಪ್ರತಿ ಮಾಡುವಾಗ ಕಾಣಿಸಿಕೊಳ್ಳುವುದು. ಒಂದೇ ಬಗೆಯ ಯಂತ್ರದಲ್ಲಿ ಪ್ರತಿ ಮಾಡಿದರೆ ಹೊಸ ಟೇಪಿನ ಸದ್ದೂ ಹಳೆಯದಕ್ಕೆ ಕೂಡಿಕೊಂಡು ಗದ್ದಲದ ಶಕ್ತಿ ದುಪ್ಪಟ್ಟಾಗುತ್ತದೆ. ಸ್ಟುಡಿಯೊದಲ್ಲಿ ಹಲವು ಟ್ರ್ಯಾಕಿನ, ಅಂದರೆ ಅಕ್ಕಪಕ್ಕದಲ್ಲಿ ಹಲವು ಧ್ವನಿಪಟ್ಟಿಗಳಿರುವ, ಟೇಪಿನಿಂದ ಸ್ಟೀರಿಯೊ ಟೇಪಿಗೆ, ಅಲ್ಲಿಂದ ಕಾಪಿಡುವ ಪ್ರತಿಗೆ, ಅಲ್ಲಿಂದ ತಟ್ಟೆ ಕೊರೆಯುವ ಟೇಪಿಗೆ ಹೋಗುವಷ್ಟರಲ್ಲಿ ಸಂಗೀತ ಮಸುಕಾಗಿರುತ್ತಿತ್ತು.

ಸಂಖ್ಯೆಗಳನ್ನು ಬರೆದರೆ ಈ ಮೂರೂ ಹೋಗುತ್ತವೆ. ಆದರೆ ಎಷ್ಟು ಸಂಖ್ಯೆ! ಸೆಕೆಂಡಿಗೆ 44,100 ಅಳತೆ, ಒಂದೊಂದಕ್ಕೆ 16 ಬಿಟ್ (ಸೊನ್ನೆ ಅಥವಾ ಒಂದು ಎಂಬ ಗುರುತು), ಎರಡು ಚಾನೆಲ್: ಸೆಕೆಂಡಿಗೆ 14 ಲಕ್ಷಕ್ಕೂ ಹೆಚ್ಚು ಬಿಟ್. ಹೆಚ್ಚೆಂದರೆ 20,000 ಹರ್ಟ್ಸ್ ಹಿಡಿದಿಡಲು ಮಾಡಿದ ಧ್ವನಿ ರೆಕಾರ್ಡರಿಗೆ ಇದು ಆಗದ ಮಾತು. ಇಷ್ಟು ದಟ್ಟವಾಗಿ ಬರೆಯುವ ಯಂತ್ರವೊಂದು ಆಗಲೇ ಇತ್ತು, ವಿಡಿಯೊ ರೆಕಾರ್ಡರ್. ಆಂಪೆಕ್ಸ್ 1956ರಲ್ಲಿ ತಂದ ವಿಡಿಯೊ ಯಂತ್ರದಲ್ಲಿ ಟೇಪನ್ನು ವೇಗವಾಗಿ ಓಡಿಸುವ ಬದಲು, ಅದರ ಮೇಲೆ ಬರೆಯುವ ಮತ್ತು ಓದುವ ಹೆಡ್ಡುಗಳನ್ನೇ ತಿರುಗಿಸಿದರು. ಎರಡು ಅಂಗುಲ ಅಗಲದ ಟೇಪು ನಿಧಾನವಾಗಿ ಸಾಗುತ್ತದೆ, ನಾಲ್ಕು ಹೆಡ್ಡುಗಳಿದ್ದ ಚಕ್ರ ನಿಮಿಷಕ್ಕೆ 14,400 ಬಾರಿ ಸುತ್ತುತ್ತ ಟೇಪನ್ನು ಅಡ್ಡಡ್ಡವಾಗಿ ಗೀಚುತ್ತದೆ. ಬಳಿಕ ಬಂದ ಯಂತ್ರಗಳಲ್ಲಿ ಟೇಪನ್ನು ಹೆಡ್ಡುಗಳಿರುವ ಡ್ರಮ್ಮಿನ ಸುತ್ತ ಓರೆಯಾಗಿ ಸುತ್ತಿಸಿ ಓರೆ ಗೆರೆಗಳನ್ನು ಬರೆದರು. ಈ ಓರೆ ಗೆರೆಯೇ ಮುಂದೆ ಡಿಜಿಟಲ್ ಧ್ವನಿಗೆ ದಾರಿಯಾಯಿತು.

ಆ ದಾರಿಯಲ್ಲಿ ಮೊದಲು ನಡೆದವರು ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ತಂತ್ರಜ್ಞರು. 1967ರಲ್ಲಿ ಅವರು ತೋರಿಸಿದ ಯಂತ್ರ ಒಂದೇ ಚಾನೆಲ್ಲಿನದು, 12 ಬಿಟ್, ಸ್ಯಾಂಪ್ಲಿಂಗ್ ದರ, ಅಂದರೆ ಸೆಕೆಂಡಿಗೆ ಅಳೆಯುವ ಲೆಕ್ಕ, 30 ಕಿಲೊಹರ್ಟ್ಸ್. ಎರಡು ವರ್ಷದಲ್ಲಿ 13 ಬಿಟ್, 32 ಕಿಲೊಹರ್ಟ್ಸ್‌ನ ಸ್ಟೀರಿಯೊ ಯಂತ್ರ ಬಂತು. ಎರಡೂ ಸಂಖ್ಯೆಗಳನ್ನು ಬರೆಯುತ್ತಿದ್ದದ್ದು ವಿಡಿಯೊ ಟೇಪಿನ ಮೇಲೆ. ಈ ಕೆಲಸದ ಮುಂದಾಳಾಗಿದ್ದ ಹೇತಾರೊ ನಕಾಜಿಮಾ 1971ರಲ್ಲಿ ಸೋನಿ ಸೇರಿದರು. ಸೋನಿಯ ಮುಂದಿನ ಹದಿನೈದು ವರ್ಷಗಳ ಹಾದಿ ಆ ಒಂದು ವರ್ಗಾವಣೆಯಲ್ಲಿ ಅರ್ಧ ಬರೆದಾಗಿತ್ತು ಎಂದು ನನಗನಿಸುತ್ತದೆ. ಅಷ್ಟರಲ್ಲಿ ನಿಪ್ಪಾನ್ ಕೊಲಂಬಿಯಾ, ಅಂದರೆ ನಾವು ಡೆನಾನ್ ಎಂದು ಬಲ್ಲ ಕಂಪನಿ, ಎನ್‌ಎಚ್‌ಕೆಯ ಯಂತ್ರವನ್ನೇ ಎರವಲು ತಂದು ಮುದ್ರಣ ಮಾಡಿತು. 1972ರಲ್ಲಿ ತನ್ನದೇ ಎಂಟು ಚಾನೆಲ್ಲಿನ ಯಂತ್ರ ಕಟ್ಟಿ ಜೆಕ್ ದೇಶದ ಸ್ಮೆಟಾನಾ ಕ್ವಾರ್ಟೆಟ್ ತಂಡ ಟೋಕಿಯೊದಲ್ಲಿ ನುಡಿಸಿದ ಮೊಜಾರ್ಟನನ್ನು ಹಿಡಿದಿಟ್ಟಿತು. ಜನ ಅದನ್ನು ಕೇಳಿದ್ದು ಮಾಮೂಲಿ ಎಲ್‌ಪಿ ತಟ್ಟೆಯಲ್ಲಿ. ಸಿ.ಡಿ. ಬರಲು ಇನ್ನೂ ಹತ್ತು ವರ್ಷ ಇತ್ತು.

ಇಲ್ಲಿ ಸ್ವಲ್ಪ ನಿಂತು, ಯಂತ್ರದೊಳಗೆ ಏನು ಬದಲಾಯಿತು ಎಂಬುದನ್ನು ನೋಡಬೇಕು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾದ ಭಾಗ ಇದು.

ಅನಲಾಗ್ ಯಂತ್ರದಲ್ಲಿ ಟೇಪಿನ ವೇಗವೇ ಕಾಲ. ಟೇಪು ಓಡುವ ಹಾಗೆ ಸಂಗೀತ ಓಡುತ್ತದೆ, ಟೇಪು ತೊದಲಿದರೆ ಸಂಗೀತ ತೊದಲುತ್ತದೆ. ವಿಡಿಯೊ ಟೇಪಿನ ಮೇಲೆ ಬರೆದ ಧ್ವನಿಯನ್ನು ಹೀಗೆ ನೇರವಾಗಿ ಕೇಳಿಸಲು ಸಾಧ್ಯವೇ ಇರಲಿಲ್ಲ, ಏಕೆಂದರೆ ಒಂದು ಹೆಡ್ ಟೇಪಿನಿಂದ ಹೊರಗೆ ಹೋಗಿ ಇನ್ನೊಂದು ಒಳಬರುವಾಗ ಮಧ್ಯೆ ಖಾಲಿ ಬೀಳುತ್ತದೆ. ಚಿತ್ರದಲ್ಲಿ ಆ ಖಾಲಿಯನ್ನು ಪರದೆಯ ಅಂಚಿನಲ್ಲಿ ಬಚ್ಚಿಡಬಹುದು, ಧ್ವನಿಯಲ್ಲಿ ಬಚ್ಚಿಡಲು ಅಂಚೇ ಇಲ್ಲ. ಹಾಗಾಗಿ ಓದಿದ ಸಂಖ್ಯೆಗಳನ್ನು ಮೊದಲು ಒಂದು ಸಣ್ಣ ಮೆಮೊರಿಯಲ್ಲಿ ತುಂಬಿಸಿ, ಅಲ್ಲಿಂದ ಸ್ಫಟಿಕ ಗಡಿಯಾರದ ತಾಳಕ್ಕೆ ಒಂದೊಂದಾಗಿ ಹೊರಬಿಟ್ಟರು. ಖಾಲಿಯನ್ನು ತುಂಬಲೆಂದು ಮಾಡಿದ ಈ ಏರ್ಪಾಟಿನಿಂದ ಇನ್ನೊಂದು ಲಾಭ ತಾನಾಗಿ ಬಂತು. ಟೇಪು ಎಷ್ಟೇ ಅಲುಗಾಡಲಿ, ಮೆಮೊರಿ ಬರಿದಾಗದಿದ್ದರೆ ಆಯಿತು. ಹೊರಗೆ ಬರುವ ಧ್ವನಿಯ ಶ್ರುತಿಯನ್ನು ಕಾಯುವುದು ಸ್ಫಟಿಕ. ಅರ್ಧ ಶತಮಾನದಿಂದ ಎಂಜಿನಿಯರುಗಳು ಮೋಟರು, ಬೆಲ್ಟು, ಚಕ್ರಗಳ ಜೊತೆ ನಡೆಸಿದ್ದ ಗುದ್ದಾಟ ಒಂದೇ ಏಟಿಗೆ ಮುಗಿಯಿತು.

ಎರಡನೆಯ ತೊಡಕು ಧೂಳು. ಅನಲಾಗ್ ಟೇಪಿನ ಮೇಲೆ ಒಂದು ಕಣ ಕೂತರೆ ಕ್ಷಣಕಾಲ ಸದ್ದು ಮಂಕಾಗಬಹುದು, ಕೇಳುವವರಿಗೆ ತಿಳಿಯದೆಯೂ ಹೋಗಬಹುದು. ಸಂಖ್ಯೆಗಳ ಟೇಪಿನಲ್ಲಿ ಅದೇ ಕಣ ನೂರಾರು ಬಿಟ್ಟುಗಳನ್ನು ನುಂಗುತ್ತದೆ, ಸ್ಪೀಕರಿನಲ್ಲಿ ಪಟಾರ್ ಎನ್ನುತ್ತದೆ. ಇದಕ್ಕೆ ಮದ್ದು ಗಣಿತದಲ್ಲಿ ಸಿಕ್ಕಿತು. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲಮನ್ 1960ರಲ್ಲಿ ಪ್ರಕಟಿಸಿದ ಸಂಕೇತ ಪದ್ಧತಿಯಲ್ಲಿ, ಮೂಲ ಸಂಖ್ಯೆಗಳ ಜೊತೆಗೆ ಅವುಗಳಿಂದಲೇ ಲೆಕ್ಕ ಹಾಕಿದ ಕೆಲವು ಹೆಚ್ಚುವರಿ ಸಂಖ್ಯೆಗಳನ್ನು ಬರೆದರೆ, ಕಳೆದುಹೋದದ್ದನ್ನು ಉಳಿದದ್ದರಿಂದ ಮರಳಿ ಪಡೆಯಬಹುದು. ಆದರೆ ಒಂದೇ ಕಡೆ ತುಂಬ ಕಳೆದುಹೋದರೆ ಲೆಕ್ಕ ಸೋಲುತ್ತದೆ. ಅದಕ್ಕಾಗಿ ಅಕ್ಕಪಕ್ಕದ ಅಳತೆಗಳನ್ನು ಟೇಪಿನ ಮೇಲೆ ದೂರ ದೂರ ಚೆಲ್ಲಿ ಬರೆಯುತ್ತಾರೆ. ಒಂದು ಪುಸ್ತಕದ ಪ್ರತಿ ಪ್ಯಾರಾದ ಸಾಲುಗಳನ್ನು ಬೇರೆ ಬೇರೆ ಪುಟಗಳಿಗೆ ಹಂಚಿಟ್ಟರೆ, ಒಂದು ಪುಟ ಹರಿದುಹೋದಾಗ ಪ್ರತಿ ಪ್ಯಾರಾದಲ್ಲೂ ಒಂದೇ ಸಾಲು ಕಾಣೆಯಾಗುತ್ತದೆ, ಅದನ್ನು ಊಹಿಸಿ ತುಂಬಬಹುದು. ಇದೂ ಹಾಗೆಯೇ. ಹಾನಿ ದೊಡ್ಡದಾದರೂ ಓದುವಾಗ ಅದು ಚೂರುಚೂರಾಗಿ ಹಂಚಿಹೋಗಿರುತ್ತದೆ.

ಇದರ ಒಳ್ಳೆಯದನ್ನು ಹೇಳಿದ ಮೇಲೆ ಕೆಟ್ಟದ್ದನ್ನೂ ಹೇಳಬೇಕು. ತಿದ್ದುವ ಶಕ್ತಿ ಇರುವವರೆಗೆ ಯಂತ್ರ ತಪ್ಪುಗಳನ್ನು ಸದ್ದಿಲ್ಲದೆ ತಿದ್ದುತ್ತದೆ. ಮಿತಿ ಮೀರಿದಾಗ ಅಕ್ಕಪಕ್ಕದ ಅಳತೆಗಳ ಸರಾಸರಿ ತೆಗೆದು ತೇಪೆ ಹಾಕುತ್ತದೆ. ಅದೂ ಆಗದಿದ್ದಾಗ ಮೌನವಾಗುತ್ತದೆ. ಅಂದರೆ ಟೇಪು ವರ್ಷಗಳ ಕಾಲ ಹಾಳಾಗುತ್ತ ಬಂದರೂ ಕಿವಿಗೆ ಸುಳಿವೇ ಸಿಗುವುದಿಲ್ಲ, ಸಿಗುವ ದಿನ ತಡವಾಗಿರುತ್ತದೆ. ಅನಲಾಗ್ ಟೇಪು ಸಾಯುವುದಕ್ಕೆ ಮೊದಲು ಕೆಮ್ಮುತ್ತದೆ.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿನ ಕಥಾನಾಯಕ ಥಾಮಸ್ ಸ್ಟಾಕ್‌ಹ್ಯಾಮ್, ಯೂಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಅಧ್ಯಕ್ಷ ನಿಕ್ಸನ್ ಕಚೇರಿಯ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಮಾತು ಅಳಿಸಿಹೋಗಿದ್ದ ಪ್ರಕರಣ ನಿಮಗೆ ನೆನಪಿರಬಹುದು. ಅದನ್ನು ಪರೀಕ್ಷಿಸಿ, ಕನಿಷ್ಠ ಐದು ಬಾರಿ ಪ್ರತ್ಯೇಕವಾಗಿ ಗುಂಡಿ ಒತ್ತಿ ಅಳಿಸಿದ್ದಾರೆ ಎಂದು 1974ರಲ್ಲಿ ವರದಿ ಕೊಟ್ಟ ತಜ್ಞರ ಸಮಿತಿಯಲ್ಲಿ ಇವರೂ ಇದ್ದರು. ಮರುವರ್ಷ ಸಾಲ್ಟ್ ಲೇಕ್ ಸಿಟಿಯಲ್ಲಿ ಸೌಂಡ್‌ಸ್ಟ್ರೀಮ್ ಎಂಬ ಕಂಪನಿ ಕಟ್ಟಿದರು. 16 ಬಿಟ್ಟಿನ ಅವರ ಯಂತ್ರ 1976ರಲ್ಲಿ ಸಾಂಟಾ ಫೆ ಒಪೆರಾವನ್ನು ಮುದ್ರಿಸಿತು. ಬೇಗನೆ ಸ್ಯಾಂಪ್ಲಿಂಗ್ ದರ 50 ಕಿಲೊಹರ್ಟ್ಸ್‌ಗೆ ಏರಿತು. ಅವರು ವಿಡಿಯೊ ಯಂತ್ರ ಬಳಸಲಿಲ್ಲ. ಪ್ರಯೋಗಾಲಯಗಳ ಅಳತೆಗಳನ್ನು ದಾಖಲಿಸಲು ಹನಿವೆಲ್ ಮಾಡುತ್ತಿದ್ದ ಟೇಪ್ ಯಂತ್ರ ಬಳಸಿದರು. ಆದರೆ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಬೇರೆ ಸಂಗತಿ. ಸೌಂಡ್‌ಸ್ಟ್ರೀಮ್‌ನವರು ಸಂಕಲನವನ್ನು ಟೇಪಿನ ಮೇಲೆ ಮಾಡುತ್ತಿರಲಿಲ್ಲ. ಧ್ವನಿಯನ್ನು ಕಂಪ್ಯೂಟರಿನ ಡಿಸ್ಕಿಗೆ ಇಳಿಸಿಕೊಂಡು, ಅಲೆಯ ಆಕಾರವನ್ನು ಪರದೆಯ ಮೇಲೆ ನೋಡಿ, ಬೇಕಾದಲ್ಲಿ ಕತ್ತರಿಸಿ ಜೋಡಿಸುತ್ತಿದ್ದರು. ಅದೂ 1970ರ ದಶಕದಲ್ಲಿ! ಇಂದು ನಾವು ಲ್ಯಾಪ್‌ಟಾಪಿನಲ್ಲಿ ಮಾಡುವುದು ಇದನ್ನೇ. ಟೇಪು ಇಲ್ಲದೆ ಬದುಕಬಹುದೆಂದು ಡಿಜಿಟಲ್ ಧ್ವನಿ ಬಾಲ್ಯದಲ್ಲೇ ತೋರಿಸಿಕೊಟ್ಟಿತ್ತು.

ಹಾಗಿದ್ದರೆ ತಡವೇಕೆ? ಲೆಕ್ಕ ನೋಡಿ. ಒಂದು ಗಂಟೆಯ ಸಿ.ಡಿ. ಗುಣಮಟ್ಟದ ಸ್ಟೀರಿಯೊಗೆ ಸುಮಾರು 635 ಮೆಗಾಬೈಟ್ ಬೇಕು. 1980ರಲ್ಲಿ ಸಣ್ಣ ಕಂಪ್ಯೂಟರುಗಳಿಗೆಂದು ಬಂದ ಸೀಗೇಟ್ ಕಂಪನಿಯ ಮೊದಲ ಹಾರ್ಡ್ ಡಿಸ್ಕಿನ ಸಾಮರ್ಥ್ಯ 5 ಮೆಗಾಬೈಟ್. ಅದರಲ್ಲಿ ಹಿಡಿಯುವುದು 28 ಸೆಕೆಂಡಿನ ಸಂಗೀತ. ಅದೇ ಹೊತ್ತಿಗೆ ಅಂಗಡಿಯಲ್ಲಿ ಸಿಗುವ ವಿಡಿಯೊ ಕ್ಯಾಸೆಟ್ಟೊಂದರಲ್ಲಿ ಗಂಟೆಗಟ್ಟಲೆ ಹಿಡಿಯುತ್ತಿತ್ತು.

ಅದೇ ಕಾಲದಲ್ಲಿ 3ಎಂ ಕಂಪನಿ ಮಿನಿಯಾಪೊಲಿಸಿನ ಸೌಂಡ್ 80 ಸ್ಟುಡಿಯೊದಲ್ಲಿ ತನ್ನ ಯಂತ್ರವನ್ನು ಪರೀಕ್ಷೆಗೆ ಇಟ್ಟಿತು. ಹೆಡ್ಡುಗಳು ತಿರುಗದ ಯಂತ್ರ ಅದು. ಒಂದು ಅಂಗುಲದ ಟೇಪಿನ ಮೇಲೆ 32 ಟ್ರ್ಯಾಕ್, ಟೇಪಿನ ವೇಗ ಸೆಕೆಂಡಿಗೆ 45 ಅಂಗುಲ, ಅಂದರೆ ಒಂದು ಮೀಟರಿಗೂ ಹೆಚ್ಚು. ಧ್ವನಿಯನ್ನು ಸಂಖ್ಯೆಯಾಗಿಸುವ ನಿಜವಾದ 16 ಬಿಟ್ ಪರಿವರ್ತಕಗಳು ಆಗ ಸುಲಭವಾಗಿ ಸಿಗುತ್ತಿರಲಿಲ್ಲವಾದ್ದರಿಂದ 12 ಬಿಟ್ಟಿನದೊಂದು, 8 ಬಿಟ್ಟಿನದೊಂದು ಸೇರಿಸಿ 16 ಮಾಡಿಕೊಂಡಿದ್ದರು. ಈ ಬಗೆಯ ಸ್ಥಿರ ಹೆಡ್ಡಿನ ವಂಶವನ್ನು ಮುಂದೆ ಬೆಳೆಸಿದವರು ಎರಡು ಬಣ. ಒಂದು ಕಡೆ ಸೋನಿ ಮತ್ತು ಸ್ಟುಡರ್ ಅವರ ‘ಡ್ಯಾಶ್’, ಇನ್ನೊಂದು ಕಡೆ ಮಿತ್ಸುಬಿಷಿ ಮತ್ತು ಒಟಾರಿ ಅವರ ‘ಪ್ರೊಡಿಜಿ’. ಒಂದರ ಟೇಪು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಸೋನಿಯ 24 ಟ್ರ್ಯಾಕಿನ ಯಂತ್ರ 1982ರಲ್ಲಿ, 48 ಟ್ರ್ಯಾಕಿನದು 1989ರಲ್ಲಿ ಬಂತು. ಹಳೆಯ 24 ಟ್ರ್ಯಾಕಿನ ಟೇಪನ್ನು ಹೊಸ ಯಂತ್ರಕ್ಕೆ ಹಾಕಿ ನಡುನಡುವೆ ಇನ್ನೂ 24 ಟ್ರ್ಯಾಕ್ ಸೇರಿಸಬಹುದಿತ್ತು. ಆ ಮಟ್ಟಿನ ದೂರದೃಷ್ಟಿ ಈ ಉದ್ಯಮದಲ್ಲಿ ಅಪರೂಪ. ಬೆಲೆ ಮಾತ್ರ ಲಕ್ಷ ಡಾಲರ್ ಮೀರಿ, ಹೆಸರಾಂತ ಸ್ಟುಡಿಯೊಗಳಿಗೆ ಮಾತ್ರ ಎಟುಕುವಂತಿತ್ತು.

ಸೋನಿ ಇನ್ನೊಂದು ಕೈಯಲ್ಲಿ ಅಗ್ಗದ ಆಟವನ್ನೂ ಆಡುತ್ತಿತ್ತು. 1977ರ ಪಿಸಿಎಂ-1 ರೆಕಾರ್ಡರೇ ಅಲ್ಲ, ಒಂದು ಪೆಟ್ಟಿಗೆ. ಮನೆಯ ಬೀಟಾಮ್ಯಾಕ್ಸ್ ವಿಡಿಯೊ ಯಂತ್ರಕ್ಕೆ ಜೋಡಿಸಿದರೆ ಧ್ವನಿಯನ್ನು ಕಪ್ಪು ಬಿಳುಪಿನ ಚುಕ್ಕಿಗಳ ಚಿತ್ರವಾಗಿಸಿ ಕಳುಹಿಸುತ್ತಿತ್ತು. ವಿಡಿಯೊ ಯಂತ್ರ ಅದನ್ನು ಸಿನಿಮಾ ಎಂದೇ ತಿಳಿದು ಮುದ್ರಿಸಿಕೊಳ್ಳುತ್ತಿತ್ತು. ಆ ಟೇಪನ್ನು ಟಿ.ವಿ.ಗೆ ಹಾಕಿ ನೋಡಿದರೆ ಪರದೆಯ ತುಂಬ ಕುಣಿಯುವ ಚುಕ್ಕಿಗಳು. ಮರುವರ್ಷ ಇದರ ವೃತ್ತಿಪರ ರೂಪ ಪಿಸಿಎಂ-1600 ಬಂತು. ಅದರ ಮುಂದಿನ ಪೀಳಿಗೆಯ 1610 ಮತ್ತು 1630 ಯಂತ್ರಗಳು, ಯು-ಮ್ಯಾಟಿಕ್ ವಿಡಿಯೊ ಕ್ಯಾಸೆಟ್ಟಿನೊಂದಿಗೆ, ಸಿ.ಡಿ. ಕಾರ್ಖಾನೆಗಳಿಗೆ ಮೂಲ ಪ್ರತಿ ಕಳುಹಿಸುವ ಅಧಿಕೃತ ಮಾರ್ಗವೇ ಆದವು. ಸೋನಿ ಮತ್ತು ಫಿಲಿಪ್ಸ್ ಸಿ.ಡಿ.ಯ ನಿಯಮಗಳನ್ನು ಬರೆಯಲು ಕೂತಾಗ ಕೈಯಲ್ಲಿದ್ದದ್ದು ಈ ವಂಶದ ಯಂತ್ರಗಳೇ. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ ಅದರ ಮೈಯಲ್ಲಿ ವಿಡಿಯೊ ಟೇಪಿನ ಗೆರೆಗಳ ಲೆಕ್ಕ ಅಚ್ಚೊತ್ತಿತ್ತು.

ಇನ್ನು ಡ್ಯಾಟ್. ಡಿಜಿಟಲ್ ಆಡಿಯೊ ಟೇಪ್ ಎಂಬುದರ ಮೊದಲಕ್ಷರಗಳು. ಇದುವರೆಗಿನ ತಿರುಗುವ ಹೆಡ್ಡಿನವೆಲ್ಲ ಎರವಲು ಯಂತ್ರಗಳಾದರೆ, ಇದು ಧ್ವನಿಗಾಗಿಯೇ ಹೊಸದಾಗಿ ವಿನ್ಯಾಸ ಮಾಡಿದ ಕ್ಯಾಸೆಟ್. ಆದರೂ ತಾಯಿಬೇರು ವಿಡಿಯೊದ್ದೇ. 1983ರಿಂದ ಹಲವು ಕಂಪನಿಗಳು ಒಟ್ಟಿಗೆ ಕೂತು ಸ್ಥಿರ ಹೆಡ್ಡಿನದು ಮತ್ತು ತಿರುಗುವ ಹೆಡ್ಡಿನದು ಎಂಬ ಎರಡು ಪದ್ಧತಿಗಳನ್ನು ಪರಿಶೀಲಿಸಿದವು. ತಿರುಗುವುದೇ ಉಳಿಯಿತು. 1987ರಲ್ಲಿ ಜಪಾನಿನಲ್ಲಿ ಯಂತ್ರಗಳು ಮಾರಾಟಕ್ಕೆ ಬಂದವು.

ಆ ಯಂತ್ರದ ಹೊಟ್ಟೆ ಬಗೆದು ನೋಡಿದವರಿಗೆ ಅದರ ಮೇಲೆ ಪ್ರೀತಿ ಹುಟ್ಟದೆ ಇರದು. ಕ್ಯಾಸೆಟ್ಟಿನ ಅಳತೆ 73 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ಟೇಪಿನ ಅಗಲ 4 ಮಿ.ಮೀ.ಗೂ ಕಡಿಮೆ. ಅದು ಸಾಗುವ ವೇಗ ಸೆಕೆಂಡಿಗೆ 8.15 ಮಿ.ಮೀ. ಮಾತ್ರ; ಮಾಮೂಲಿ ಕ್ಯಾಸೆಟ್ಟಿನಲ್ಲಿ ಅದು 47.6. ಆದರೆ 30 ಮಿ.ಮೀ. ವ್ಯಾಸದ ಡ್ರಮ್ ನಿಮಿಷಕ್ಕೆ 2,000 ಸುತ್ತು ಹಾಕುವುದರಿಂದ ಹೆಡ್ಡಿಗೂ ಟೇಪಿಗೂ ನಡುವಿನ ವೇಗ ಸೆಕೆಂಡಿಗೆ ಮೂರು ಮೀಟರು ದಾಟುತ್ತದೆ. ಟೇಪಿನ ಮೇಲೆ ಬೀಳುವ ಒಂದೊಂದು ಓರೆ ಗೆರೆಯ ಅಗಲ ಸುಮಾರು 13.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ 73 ಗೆರೆಗಳು, ನಡುವೆ ಒಂದಿಷ್ಟೂ ಜಾಗ ಬಿಡದೆ. ಪಕ್ಕದ ಗೆರೆಯನ್ನು ತಪ್ಪಿ ಓದದಿರಲು ಎರಡು ಹೆಡ್ಡುಗಳನ್ನು ಪರಸ್ಪರ ವಿರುದ್ಧ ದಿಕ್ಕಿಗೆ 20 ಡಿಗ್ರಿ ವಾಲಿಸಿದ್ದಾರೆ. ಒಂದು ಬರೆದದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ವಿಡಿಯೊ ಯಂತ್ರಗಳಲ್ಲಿ ಟೇಪು ಡ್ರಮ್ಮಿನ ಅರ್ಧ ಸುತ್ತನ್ನು ತಬ್ಬಿಕೊಳ್ಳುತ್ತಿದ್ದರೆ ಇಲ್ಲಿ ಕಾಲು ಸುತ್ತು ಮಾತ್ರ. ಹೆಡ್ಡುಗಳು ಅರ್ಧ ಹೊತ್ತು ಗಾಳಿಯಲ್ಲೇ ಇರುತ್ತವೆ, ಉಳಿದರ್ಧದಲ್ಲಿ ಒತ್ತೊತ್ತಾಗಿ ಬರೆದು ಮುಗಿಸುತ್ತವೆ. ಹೀಗೆ ಸಡಿಲವಾಗಿ ಸುತ್ತಿದ್ದರಿಂದಲೇ ಟೇಪನ್ನು ಡ್ರಮ್ಮಿನಿಂದ ಬಿಡಿಸದೆ ವೇಗವಾಗಿ ಹಿಂದೆ ಮುಂದೆ ಓಡಿಸಲು ಆಗುತ್ತಿತ್ತು.

16 ಬಿಟ್, 48 ಕಿಲೊಹರ್ಟ್ಸ್, ಎರಡು ಗಂಟೆ, ಅಂಗೈಯಲ್ಲಿ ಅಡಗುವ ಕ್ಯಾಸೆಟ್. ಸಿ.ಡಿ.ಗಿಂತ ಒಂದು ಕೈ ಮೇಲೆ, ಜೊತೆಗೆ ಮುದ್ರಿಸಲೂ ಬರುತ್ತದೆ. ಗೆಲ್ಲಲೇಬೇಕಾಗಿದ್ದ ಯಂತ್ರ. ಗೆಲ್ಲಲಿಲ್ಲ.

ಧ್ವನಿಮುದ್ರಣ ಕಂಪನಿಗಳಿಗೆ ಅದರ ಗುಣವೇ ಭಯ ಹುಟ್ಟಿಸಿತು. ಅನಲಾಗ್ ಕ್ಯಾಸೆಟ್ಟಿನ ನಕಲು ಪ್ರತಿ ಬಾರಿಯೂ ಸವೆಯುತ್ತದೆ; ಡ್ಯಾಟ್‌ನ ನೂರನೆಯ ನಕಲೂ ಮೂಲದ ಹಾಗೆಯೇ ಇರುತ್ತದೆ. ಹೀಗಾಗಿ ಆರಂಭದ ಮನೆಬಳಕೆಯ ಯಂತ್ರಗಳು ಸಿ.ಡಿ.ಯಿಂದ ನೇರ ಡಿಜಿಟಲ್ ನಕಲು ಮಾಡದಂತೆ 44.1 ಕಿಲೊಹರ್ಟ್ಸ್‌ನಲ್ಲಿ ಮುದ್ರಿಸುವ ಸೌಲಭ್ಯವನ್ನೇ ಕಿತ್ತುಕೊಂಡಿದ್ದವು. ಅಷ್ಟಕ್ಕೂ ತೃಪ್ತಿಯಾಗದೆ ಸಿಬಿಎಸ್ ರೆಕಾರ್ಡ್ಸ್ ‘ಕಾಪಿಕೋಡ್’ ಎಂಬ ಉಪಾಯ ಮುಂದಿಟ್ಟಿತು. ಸಂಗೀತದಿಂದ 3,840 ಹರ್ಟ್ಸ್ ಆಸುಪಾಸಿನ ಒಂದು ಎಳೆಯನ್ನು ಕತ್ತರಿಸಿ ತೆಗೆಯುವುದು. ಆ ಎಳೆ ಇಲ್ಲದ ಸಂಗೀತ ಕಂಡರೆ ರೆಕಾರ್ಡರ್ ಮುದ್ರಿಸಲು ನಿರಾಕರಿಸುವುದು. ಕಳ್ಳನನ್ನು ಹಿಡಿಯಲು ಒಡವೆಯನ್ನೇ ಜಜ್ಜುವ ಈ ಯೋಜನೆಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ಪರೀಕ್ಷಿಸಿ 1988ರಲ್ಲಿ ಮೂರು ಮಾತು ಹೇಳಿತು: ಸಂಗೀತ ಕೆಡುತ್ತದೆ, ವಿಧಾನ ಕೆಲವೊಮ್ಮೆ ಕೆಲಸ ಮಾಡುವುದಿಲ್ಲ, ಬೇಕೆಂದವರು ಸುಲಭವಾಗಿ ತಪ್ಪಿಸಿಕೊಳ್ಳಬಹುದು. ಅಲ್ಲಿಗೆ ಅದರ ಕಥೆ ಮುಗಿಯಿತು. ಅದೇ ವರ್ಷದ ಆರಂಭದಲ್ಲಿ ಸಿಬಿಎಸ್ ರೆಕಾರ್ಡ್ಸ್ ಕಂಪನಿಯನ್ನು ಕೊಂಡದ್ದು ಯಾರು? ಸೋನಿ. ಜಗಳದ ಎರಡೂ ಕಡೆಯ ಖಾತೆ ಒಂದೇ ಮನೆಗೆ ಬಂದಿತ್ತು.

1989ರಲ್ಲಿ ಅಥೆನ್ಸ್‌ನಲ್ಲಿ ಒಂದು ರಾಜಿಯಾಯಿತು. ಸರಣಿ ನಕಲು ನಿರ್ವಹಣೆ ಎಂಬ ಏರ್ಪಾಟು. ಮೂಲದಿಂದ ಎಷ್ಟು ಬೇಕಾದರೂ ಡಿಜಿಟಲ್ ನಕಲು ಮಾಡಿ, ಆದರೆ ನಕಲಿನ ಮೇಲೆ ಒಂದು ಗುರುತು ಬೀಳುತ್ತದೆ, ಆ ನಕಲಿನಿಂದ ಇನ್ನೊಂದು ನಕಲು ಮಾಡಲು ಯಂತ್ರ ಒಪ್ಪುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪೆಟ್ಟು ಬಿದ್ದದ್ದು ಮೂರನೆಯವರಿಗೆ. ತಮ್ಮದೇ ಹಾಡನ್ನು ಮನೆಬಳಕೆಯ ಯಂತ್ರದಲ್ಲಿ ಮುದ್ರಿಸಿಕೊಂಡ ಸಂಗೀತಗಾರರ ಟೇಪಿನ ಮೇಲೂ ಈ ಗುರುತಿನ ನಿಯಮ ಅನ್ವಯವಾಗಿ, ತಮ್ಮ ಹಾಡಿನ ಎರಡನೆಯ ತಲೆಮಾರಿನ ನಕಲು ಅವರಿಗೇ ಸಿಗುತ್ತಿರಲಿಲ್ಲ. ರಾಯಧನ ಸಿಗುವುದಿಲ್ಲವೆಂದು ಗೀತರಚನಕಾರರು ಮತ್ತು ಪ್ರಕಾಶಕರು 1990ರಲ್ಲಿ ಮೊಕದ್ದಮೆ ಹೂಡಿದರು. ಕೊನೆಗೆ 1992ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, ಗುರುತು ಹಾಕುವುದನ್ನು ಕಡ್ಡಾಯಗೊಳಿಸಿ, ಡಿಜಿಟಲ್ ರೆಕಾರ್ಡರಿನ ಮೇಲೆ ಶೇ. 2, ಖಾಲಿ ಟೇಪಿನ ಮೇಲೆ ಶೇ. 3 ರಾಯಧನ ವಿಧಿಸಿತು. ಕಂಪ್ಯೂಟರಿಗೆ ಈ ಕಾನೂನು ಅನ್ವಯಿಸಲಿಲ್ಲ. ಹತ್ತು ವರ್ಷ ಕಳೆಯುವ ಮೊದಲೇ ನಕಲಿನ ಪ್ರವಾಹ ಬಂದದ್ದು ಆ ತೆರೆದ ಬಾಗಿಲಿನಿಂದ.

ಇಷ್ಟು ಹೊತ್ತಿಗೆ ಐದು ವರ್ಷ ಕಳೆದಿತ್ತು, ಜನಸಾಮಾನ್ಯರು ಸಿ.ಡಿ.ಗೆ ಒಗ್ಗಿಹೋಗಿದ್ದರು. ಡ್ಯಾಟ್ ಮನೆ ಸೇರಲಿಲ್ಲ, ವೃತ್ತಿಪರರ ಕೈ ಸೇರಿತು. ಸ್ಟುಡಿಯೊಗಳಲ್ಲಿ ಅಂತಿಮ ಸ್ಟೀರಿಯೊ ಪ್ರತಿ ಡ್ಯಾಟ್ ಮೇಲೆ. ಬಾನುಲಿಯಲ್ಲಿ, ಚಲನಚಿತ್ರದ ಸ್ಥಳ ಮುದ್ರಣದಲ್ಲಿ, ಹಕ್ಕಿಗಳ ಕೂಗು ಹಿಡಿಯಲು ಕಾಡಿಗೆ ಹೋಗುವವರ ಚೀಲದಲ್ಲಿ, ಜಾನಪದ ಸಂಗ್ರಾಹಕರ ಹೆಗಲಲ್ಲಿ ಅದೇ. ಕಂಪ್ಯೂಟರಿನವರೂ ಬಿಡಲಿಲ್ಲ. ಎಚ್‌ಪಿ ಮತ್ತು ಸೋನಿ 1989ರಲ್ಲಿ ಅದೇ ಕ್ಯಾಸೆಟ್ಟನ್ನು ಡಿಡಿಎಸ್ ಎಂಬ ಹೆಸರಿನಲ್ಲಿ ಕಚೇರಿಗಳ ದತ್ತಾಂಶ ಉಳಿಸಿಡಲು ತಂದವು. ಈ ಸಂಗತಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಫಿಲಿಪ್ಸ್ 1992ರಲ್ಲಿ ತಂದ ಡಿಸಿಸಿ ಎಂಬ ಡಿಜಿಟಲ್ ಕ್ಯಾಸೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳೆಯ ಕ್ಯಾಸೆಟ್ಟುಗಳೂ ಅದರಲ್ಲಿ ಕೇಳಿಸುತ್ತಿದ್ದವು, ಹೊಸ ಕ್ಯಾಸೆಟ್ಟಿನಲ್ಲಿ ಧ್ವನಿಯನ್ನು ಸುಮಾರು ಕಾಲು ಭಾಗಕ್ಕೆ ಹಿಂಡಿ ಬರೆಯುತ್ತಿತ್ತು. ನಾಲ್ಕು ವರ್ಷದಲ್ಲಿ ನಿಂತಿತು. 1992ರಲ್ಲೇ ಸ್ವಿಟ್ಜರ್ಲೆಂಡಿನ ನಾಗ್ರಾ ಕಂಪನಿ ನಾಲ್ಕು ಚಾನೆಲ್, 24 ಬಿಟ್ಟಿನ ಬಿಚ್ಚು ಸುರುಳಿಯ ಯಂತ್ರವನ್ನು ತಂದಿತು. ಅದು ನಿಜಕ್ಕೂ ದೊಡ್ಡ ಕೆಲಸ, ಆದರೆ ಕಂಡವರು ಕಡಿಮೆ.

ಲೋಕವನ್ನು ಬದಲಿಸಿದ್ದು ಅಲೆಸಿಸ್ ಎಂಬ ಸಣ್ಣ ಕಂಪನಿ. ಕೀತ್ ಬಾರ್ ಅವರ ಈ ಕಂಪನಿ 1991ರ ಆರಂಭದಲ್ಲಿ ಎಡ್ಯಾಟ್ ಎಂಬ ಯಂತ್ರವನ್ನು ಪ್ರದರ್ಶಿಸಿತು. ಎಂಟು ಟ್ರ್ಯಾಕ್, 16 ಬಿಟ್, ಬೆಲೆ 3,995 ಡಾಲರ್. ಬರೆಯಲು ಬೇಕಾದದ್ದು ಮನೆ ಬಳಕೆಯ ಎಸ್-ವಿಎಚ್‌ಎಸ್ ವಿಡಿಯೊ ಕ್ಯಾಸೆಟ್. ಎರಡು ಗಂಟೆಯ ಕ್ಯಾಸೆಟ್ಟಿನಲ್ಲಿ 40 ನಿಮಿಷದ ಮುದ್ರಣ. ಎಂಟು ಸಾಲದೆ? ಇನ್ನೊಂದು ಕೊಂಡು ತಂತಿಯಿಂದ ಜೋಡಿಸಿ. ಹದಿನಾರು ಯಂತ್ರಗಳವರೆಗೆ, ಅಂದರೆ 128 ಟ್ರ್ಯಾಕ್‌ವರೆಗೆ, ಒಂದಕ್ಕೊಂದು ತಪ್ಪದೆ ಒಟ್ಟಿಗೆ ಓಡುತ್ತಿದ್ದವು. 1993ರಲ್ಲಿ ಟ್ಯಾಸ್ಕ್ಯಾಮ್ ಕಂಪನಿ ಹೈ8 ಕ್ಯಾಸೆಟ್ಟಿನ ಮೇಲೆ ಇಂಥದ್ದೇ ಎಂಟು ಟ್ರ್ಯಾಕಿನ ಯಂತ್ರ ತಂದಿತು, ಚಲನಚಿತ್ರದವರು ಅದನ್ನು ಹೆಚ್ಚು ಮೆಚ್ಚಿದರು. ಲಕ್ಷ ಡಾಲರಿನ ಸ್ಟುಡಿಯೊಗಳು ಮಾಡುತ್ತಿದ್ದ ಕೆಲಸ ಗ್ಯಾರೇಜಿನಲ್ಲಿ ಕೂತ ನಾಲ್ವರಿಗೆ ಸಿಕ್ಕಿತು. ಈ ಯಂತ್ರಗಳ ಟೇಪ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹಲವು ಯಂತ್ರಗಳು ಜೊತೆಗೂಡಿ ಹೊರಡಲು ಕೆಲವು ಸೆಕೆಂಡು ಕಾಯಿಸುತ್ತಿದ್ದವು. ಯಾರೂ ಲೆಕ್ಕಿಸಲಿಲ್ಲ. ಗಮನಿಸಿ, ಕಥೆಯ ಆರಂಭದಂತೆ ಇಲ್ಲೂ ವಿಡಿಯೊ ಟೇಪೇ. ಎಂಟು ಚಾನೆಲ್ಲನ್ನು ಒಂದೇ ಬೆಳಕಿನ ತಂತಿಯಲ್ಲಿ ಸಾಗಿಸಲು ಎಡ್ಯಾಟ್‌ಗೆಂದು ಮಾಡಿದ ಸಂಪರ್ಕ ಇಂದಿನ ಆಡಿಯೊ ಉಪಕರಣಗಳ ಬೆನ್ನ ಮೇಲೆ ಇನ್ನೂ ಇದೆ, ಅದೇ ಹೆಸರಿನಲ್ಲಿ. ಅದನ್ನು ಬಳಸುವ ಎಷ್ಟೋ ಹುಡುಗರು ಆ ಯಂತ್ರವನ್ನು ಕಂಡವರಲ್ಲ.

ಬೀಳುವುದು ಬೇಗ ಆಯಿತು. 1990ರ ದಶಕದುದ್ದಕ್ಕೂ ಹಾರ್ಡ್ ಡಿಸ್ಕ್ ಅಗ್ಗವಾಗುತ್ತ ಹೋಯಿತು. ಪ್ರೊ ಟೂಲ್ಸ್‌ನಂಥ ತಂತ್ರಾಂಶಗಳು ಸಂಕಲನವನ್ನು ಪರದೆಗೆ ತಂದವು, ಸ್ಟಾಕ್‌ಹ್ಯಾಮ್ ಮಾಡುತ್ತಿದ್ದಂತೆ. ಮೊದಮೊದಲು ಟೇಪಿನಲ್ಲಿ ಮುದ್ರಿಸಿ ಕಂಪ್ಯೂಟರಿನಲ್ಲಿ ಕತ್ತರಿಸಿದರು. ಬಳಿಕ ಟೇಪಿನ ಹಂತವೇ ಬೇಡವಾಯಿತು. ಹೊರಾಂಗಣದಲ್ಲಿ ಮೆಮೊರಿ ಕಾರ್ಡಿನ ರೆಕಾರ್ಡರುಗಳು ಬಂದವು. ಸೋನಿ 2005ರ ಕೊನೆಯಲ್ಲಿ ಡ್ಯಾಟ್ ಯಂತ್ರಗಳ ತಯಾರಿಕೆ ನಿಲ್ಲಿಸಿತು.

ಈ ಹಂತಕ್ಕೆ ಬಂದಾಗ ಸಭೆಯಲ್ಲಿ ಯಾರಾದರೂ ಕೇಳುವ ಪ್ರಶ್ನೆಯೊಂದಿದೆ: ಅನಲಾಗ್ ಟೇಪಿನ ಧ್ವನಿಯೇ ಚೆನ್ನಾಗಿತ್ತಲ್ಲವೆ? ನನ್ನ ಉತ್ತರ ಎರಡು ಭಾಗದ್ದು. ಆರಂಭದ ಡಿಜಿಟಲ್ ಮುದ್ರಣಗಳ ಬಗ್ಗೆ ಕೆಲವರು ಕಿವಿಗೆ ಚುಚ್ಚುತ್ತದೆ ಎಂದದ್ದಕ್ಕೆ ಕಾರಣವಿತ್ತು; ಆಗಿನ ಪರಿವರ್ತಕಗಳೂ, 20 ಕಿಲೊಹರ್ಟ್ಸ್ ಮೇಲಿನದನ್ನು ಥಟ್ಟನೆ ಕತ್ತರಿಸುತ್ತಿದ್ದ ಫಿಲ್ಟರುಗಳೂ ಇನ್ನೂ ಪಕ್ವವಾಗಿರಲಿಲ್ಲ. ಅದು ಟೇಪಿನ ದೋಷವಲ್ಲ. ಅನಲಾಗ್ ಟೇಪು ಗಟ್ಟಿ ಸದ್ದನ್ನು ಸ್ವಲ್ಪ ಅದುಮಿ, ಸ್ವಲ್ಪ ವಿಕಾರಗೊಳಿಸಿ ಕೊಡುತ್ತದೆ. ಆ ವಿಕಾರ ಹಲವರಿಗೆ ಇಷ್ಟ, ನನಗೂ ಇಷ್ಟ. ಆದರೆ ಅದನ್ನು ನಿಷ್ಠೆ ಎಂದು ಕರೆಯಲಾರೆ.

ಕಾಪಿಡುವ ವಿಷಯಕ್ಕೆ ಬಂದರೆ ಮಾತ್ರ ಅನಲಾಗ್ ಟೇಪಿನವರು ನಗಬಹುದು. 1950ರ ದಶಕದ ಒಳ್ಳೆಯ ಸುರುಳಿಯೊಂದನ್ನು ಇಂದಿಗೂ ಕೇಳಿಸಬಹುದು. ಬೇಕಿದ್ದರೆ ಹೊಸದಾಗಿ ಹೆಡ್ಡೊಂದನ್ನು ಮಾಡಿಸಿಕೊಳ್ಳಲೂ ಬಹುದು. 1990ರ ಡ್ಯಾಟ್‌ಗೆ ಹಾಗಾಗುವುದಿಲ್ಲ. ಹದಿಮೂರು ಮೈಕ್ರಾನಿನ ಗೆರೆಯನ್ನು ಓದುವ ಡ್ರಮ್ಮನ್ನು ಯಾರೂ ಕೈಯಿಂದ ಮಾಡಲಾರರು. ತೆಳುವಾದ ಮೂರು ಗಂಟೆಯ ಟೇಪುಗಳಲ್ಲಿ, ಹೊಂದಾಣಿಕೆ ತಪ್ಪಿದ ಯಂತ್ರದಲ್ಲಿ ಬರೆದವುಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಯುನೆಸ್ಕೊ ಮತ್ತು ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ 2019ರಲ್ಲಿ ಎಲ್ಲ ಬಗೆಯ ಕಾಂತೀಯ ಟೇಪುಗಳ ಬಗ್ಗೆ ಎಚ್ಚರಿಕೆಯ ಅಭಿಯಾನವನ್ನೇ ನಡೆಸಿದವು. ಟೇಪುಗಳು ಕೊಳೆಯುವುದಕ್ಕಿಂತ ಮೊದಲೇ ಓದುವ ಯಂತ್ರಗಳೂ ಬಿಡಿಭಾಗಗಳೂ ಮುಗಿದುಹೋಗುತ್ತವೆ ಎಂಬುದು ಅದರ ತಿರುಳು.

ಆದ್ದರಿಂದ ನಿಮ್ಮ ಬಳಿ ಅಥವಾ ನಿಮ್ಮ ಸಂಸ್ಥೆಯಲ್ಲಿ ಡ್ಯಾಟ್ ಕ್ಯಾಸೆಟ್ಟುಗಳಿದ್ದರೆ ಈಗಲೇ ಇಳಿಸಿಕೊಳ್ಳಿ. ಆಡಿಯೊ ಯಂತ್ರ ಸಿಕ್ಕರೆ ಡಿಜಿಟಲ್ ತಂತಿಯಿಂದಲೇ ಕಂಪ್ಯೂಟರಿಗೆ ತನ್ನಿ, ಅನಲಾಗ್ ದಾರಿ ಬೇಡ. ಇನ್ನೊಂದು ದಾರಿ ಹಿಂದೆ ಹೇಳಿದ ಡಿಡಿಎಸ್ ಡ್ರೈವ್. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಕಂಪ್ಯೂಟರುಗಳಿಗೆಂದು ಬಂದ ಕೆಲವು ಡ್ರೈವ್‌ಗಳಲ್ಲಿ ಧ್ವನಿಯ ಡ್ಯಾಟ್ ಓದುವ ತಂತ್ರಾಂಶವೂ ಒಳಗೇ ಇರುತ್ತಿತ್ತು. ಅವು ಟೇಪನ್ನು ದತ್ತಾಂಶದಂತೆ ಓದಿ ಕಡತವಾಗಿ ಕೊಡುತ್ತವೆ. ಕಚೇರಿಗಳ ಲೆಕ್ಕಪತ್ರಕ್ಕೆಂದು ಮಾಡಿದ ಈ ಡ್ರೈವ್‌ಗಳನ್ನು ಹಳೆಯ ಧ್ವನಿ ಉಳಿಸುವವರು ಹುಡುಕಿ ಕೊಳ್ಳುತ್ತಿದ್ದಾರೆ. ಓದುವ ಮೊದಲು ಟೇಪನ್ನು ಪೂರ್ತಿಯಾಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಡಿಸಿ. ದೋಷಗಳ ಪಟ್ಟಿ ಸಿಗುವುದಾದರೆ ಅದನ್ನೂ ಕಡತದ ಜೊತೆ ಇಟ್ಟುಕೊಳ್ಳಿ. ಒಂದು ಯಂತ್ರದಲ್ಲಿ ಕೆಟ್ಟದಾಗಿ ಓದಿದ ಟೇಪು ಇನ್ನೊಂದರಲ್ಲಿ ಸರಿಯಾಗಿ ಓದಬಹುದು, ಹಾಗಾಗಿ ಮೊದಲ ಸೋಲಿಗೇ ಎಸೆಯಬೇಡಿ. ಮುದ್ರಿಸಿದ್ದು 32 ಕಿಲೊಹರ್ಟ್ಸ್‌ನಲ್ಲಾದರೆ ಕಡತವನ್ನೂ 32ರಲ್ಲೇ ಉಳಿಸಿ. ಬೇರೆ ದರಕ್ಕೆ ಬದಲಿಸುವುದಿದ್ದರೆ ಅದನ್ನು ಆ ಕಡತದ ಪ್ರತಿಯ ಮೇಲೆ ಮಾಡಿ.